ಅತ್ತೆ ಉಣ್ಣದೆ ಕೂತ ಗುಡ್ಡದೂರು

ಆದೋನಿ

ನನಗೆ ಸುಮ್ಮನೆ ಕೂಡುವುದು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅಷ್ಟು ದೂರ ಹೋಗಿ, ಅಷ್ಟು ಚಂದದ ಜಾಗದಲ್ಲಿದ್ದೂ ಈಕೆ ಯಾಕೆ ಹೀಗೆ ಚಡಪಡಿಸುತ್ತಾಳೆ ಎಂದು ನೀವು ನನ್ನನ್ನು ಬೈದುಕೊಳ್ಳುತ್ತೀರಿ. ನಮ್ಮ ಮನೆಯ ಹಿಂದೆಯೇ ಹತ್ತಿಯ ಬೀಜ ಬಿಡಿಸುವ ನಮ್ಮ ಜಿನ್ನಿಂಗ್ ಮಿಲ್ಲು. ಸೀಜನ್ನಿನಲ್ಲಿ ಹಗಲೂ ರಾತ್ರಿ ಅದರ ಗರಗರ, ಮುಂದಿನ ರಸ್ತೆಯಲ್ಲಿ ಹತ್ತಿ ಲಾರಿಗಳ ಹಾರ್ನು, ಅಂಗಳದಲ್ಲಿ ರೈತರ ಜಗಳ. ಮದುವೆಯಾಗಿ ದೇವನಕೊಂಡದಿಂದ ಬಂದ ಹೊಸದರಲ್ಲಿ ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಈಗ ಸದ್ದು ನಿಂತರೆ ಎಚ್ಚರವಾಗುತ್ತದೆ.

ಮಗಳು ಪಲ್ಲವಿ ಕಿರ್ಗಿಜ್ ದೇಶದ ಬಿಷ್ಕೆಕ್ಕಿನಲ್ಲಿ ಡಾಕ್ಟರಿಕೆ ಓದುತ್ತಾಳೆ. ಬೇಸಿಗೆ ರಜೆಗೆ ಅವಳೇ ಬರುವುದು ವಾಡಿಕೆ. ಈ ಸಲ ಫೋನಿನಲ್ಲಿ ಬೇರೆ ರಾಗ ತೆಗೆದಳು.

"ಈ ಸರ್ತಿ ನೀವೇ ಬರ್ರಿ. ನನ್ನ ಕ್ಲಾಸಿನ ಆಯ್‌ಗುಲ್ ಅದಾಳಲ್ಲ, ಅವರೂರು ಗುಡ್ಡದಾಗ ಐತಿ. ಸಿಗ್ನಲ್ ಇಲ್ಲ, ಗದ್ಲ ಇಲ್ಲ. ಅಪ್ಪಾಜಿಗೆ ಶುಗರ್, ಜೇಜಿಗೆ ಬಿ.ಪಿ., ನಿನಗ ಬಾಯಿ. ಮೂರು ಮಂದಿಗೂ ರೆಸ್ಟ್ ಆಗ್ತದ."

ಜೇಜಿ ಎಂದರೆ ನಮ್ಮ ಕಡೆ ಅಪ್ಪನ ತಾಯಿ. ಅಂದರೆ ನನ್ನ ಅತ್ತೆ ಗೌರಮ್ಮನವರು. ಎಪ್ಪತ್ತು ದಾಟಿದ ಈಕೆಯನ್ನು ವಿಮಾನ ಹತ್ತಿಸುವುದು ಹೇಗೆಂದು ನಾವು ಗುಸುಗುಸು ಮಾತಾಡುತ್ತಿದ್ದಾಗಲೇ ಅವರು ಕಟಕ ರೊಟ್ಟಿ ತಟ್ಟಿಸಿ, ಶೇಂಗಾ ಹಿಂಡಿ ಕುಟ್ಟಿಸಿ, ಗಂಟು ಕಟ್ಟಿಯಾಗಿತ್ತು. ಹತ್ತಿ ಸೀಜನ್ ಇಲ್ಲದ ತಿಂಗಳು, ಹಾಗಾಗಿ ನಮ್ಮವರಿಗೂ ನೆಪ ಸಿಗಲಿಲ್ಲ. ನೆರೆಮನೆಯವರು ನಕ್ಕರು. "ಸುಮ್ನ ಕುಂತು ಬರಾಕ ಅಷ್ಟು ದೂರ ಯಾಕ್ರೀ? ಮಾಧವರಂದಾಗ ಹೊಳಿ ದಂಡಿಗೆ ಕುಂತು ಬಂದ್ರ ಸಾಲ್ದಾ?" ನನಗೂ ಹಾಗೆಯೇ ಅನಿಸಿತ್ತು.

ಒಂದು ವಿಷಯ ಇಲ್ಲೇ ಹೇಳಬೇಕು. ನಾವು ಲಿಂಗ ಕಟ್ಟಿಕೊಂಡವರು. ಈಗಿನವರು ನಾವು ಹಬ್ಬ ಹುಣ್ಣಿಮೆಗೆ ನೆನೆಸಿಕೊಂಡು ಪೂಜಿಸುತ್ತೇವೆ, ಅತ್ತೆ ಹಾಗಲ್ಲ. ಅವರ ಎದೆಯ ಮೇಲೆ ಬೆಳ್ಳಿಯ ಪುಟ್ಟ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಳಿಗ್ಗೆ ಸಂಜೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಬಾಯಿಗೆ ನೀರು. ಕರಡಿಗೆಗೆ ಕಟ್ಟಿದ ದಾರ ನಮ್ಮ ಮಿಲ್ಲಿನ ಹತ್ತಿಯಿಂದ ಅವರೇ ಹೊಸೆದದ್ದು. ಹೊರಡುವ ಮುಂಚೆ ನಾನು ಅಂದೆ.

"ಅತ್ತೀ, ಆ ದಾರ ಜೂಲು ಎದ್ದೈತಿ ನೋಡ್ರಿ. ಬದ್ಲಿ ಮಾಡ್ರಿ."

"ನಮ್ಮ ಹತ್ತೀದು. ನಿನಗಿಂತ ಗಟ್ಟಿ ಐತಿ," ಎಂದರು.

ಮಾತು ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಮಾತು ಮುಗಿಯುವುದೇ ಹೀಗೆ.

ಹೈದರಾಬಾದ್

ವಿಮಾನ ನಿಲ್ದಾಣದ ತಪಾಸಣೆ ಬಾಗಿಲಲ್ಲಿ ಅತ್ತೆ ಕಾಲಿಟ್ಟ ಕೂಡಲೇ ಯಂತ್ರ ಕೂಗಿಕೊಂಡಿತು. ಕಾವಲಿನ ಹುಡುಗಿ ಕರಡಿಗೆ ತೋರಿಸಿ, ತೆಗೆದು ಟ್ರೇಯಲ್ಲಿಡಿ ಎಂದಳು. ಸತ್ತರೂ ತೆಗೆಯುವ ವಸ್ತುವಲ್ಲ ಇದು ಎಂದು ಅತ್ತೆ ತೆಲುಗಿನಲ್ಲಿ ಸಾವಕಾಶವಾಗಿ ಹೇಳಿ, ಅಲ್ಲೇ ನಿಂತುಬಿಟ್ಟರು. ನಮ್ಮ ಹಿಂದೆ ಸಾಲು ಬೆಳೆಯಿತು. ಯಾರೋ ಹುಬ್ಬು ಗಂಟಿಕ್ಕಿದರು, ಯಾರೋ ಗಡಿಯಾರ ನೋಡಿದರು. ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ.

"ಯವ್ವಾ, ಒಂದ್ ನಿಮಿಷ ತಗದು ಹಾಕ್ಕೋ," ಎಂದು ನಮ್ಮವರು ಬೇಡಿಕೊಂಡರು.

"ಒಂದ್ ನಿಮಿಷ ಉಸಿರು ತಗದು ಹಾಕ್ಕೊಂತೀಯೇನೋ ಶಂಕ್ರಾ?"

ಕೊನೆಗೆ ಹಿರಿಯ ಅಧಿಕಾರಿ ಒಬ್ಬರು ಬಂದರು. ನಡು ವಯಸ್ಸಿನ ಹೆಂಗಸು. ಕರಡಿಗೆಯನ್ನು ನೋಡಿದವರೇ ಅತ್ತೆಯನ್ನು ಪಕ್ಕದ ಪರದೆಯ ಹಿಂದೆ ಕರೆದೊಯ್ದು, ಕೈಯಲ್ಲೇ ಪರೀಕ್ಷೆ ಮಾಡಿ ಕಳಿಸಿದರು. ಹೋಗುವಾಗ ಅತ್ತೆ ಆ ಹೆಂಗಸಿನ ತಲೆ ಮುಟ್ಟಿ ಹರಸಿದರು. ನನಗಾದರೋ ವಿಮಾನ ಏರಿದ ಮೇಲೂ ನೆಮ್ಮದಿಯಿಲ್ಲ. ಪಟ್ಟಿ ಕಟ್ಟಿಕೊಂಡು ಅಷ್ಟು ಹೊತ್ತು ಕೂಡುವ ಶಿಕ್ಷೆ ಬೇರೆ.

ಗುಡ್ಡದೂರು

ಬಿಷ್ಕೆಕ್ಕಿನಲ್ಲಿ ಮಗಳ ಮುಖ ನೋಡಿ, ಅವಳ ಕೋಣೆಯ ಧೂಳು ಹೊಡೆದು, ಬೈದು ಮುಗಿಸುವಷ್ಟರಲ್ಲಿ ಆಯ್‌ಗುಲ್‌ಳನ್ನೂ ಕೂಡಿಕೊಂಡು ಗುಡ್ಡದ ದಾರಿ ಹಿಡಿದೆವು. ನಮಗೆ ಗುಡ್ಡವೆಂದರೆ ಬಂಡೆ. ಆದೋನಿ ಕೋಟೆಯ ಗುಡ್ಡ ಹತ್ತಿದವರಿಗೆ ಗೊತ್ತು, ಬಿಸಿಲಿಗೆ ಕಾದ ಬಂಡೆಯ ಮೇಲೆ ಕಾಲಿಡಲಾಗುವುದಿಲ್ಲ. ಇಲ್ಲಿನ ಗುಡ್ಡಗಳಿಗೆ ಸೊಂಟದ ತನಕ ಹುಲ್ಲು, ತಲೆಯ ಮೇಲೆ ಹಿಮ. ದಾರಿಯ ಒಂದು ಬದಿಗೆ ಪ್ರಪಾತ, ಇನ್ನೊಂದು ಬದಿಗೆ ಕುರಿ. ಡ್ರೈವರು ಎರಡನ್ನೂ ನೋಡದೆ ಮಾತಾಡುತ್ತಿದ್ದ.

ದಾರಿಯಲ್ಲಿ ಸಂಸಾರ ಸಮೇತ ಹೊರಟವರು ಕಂಡರು. ಹಾಸಿಗೆ, ಪಾತ್ರೆ, ಮಕ್ಕಳು, ಮಡಚಿದ ಗುಡಾರ, ಎಲ್ಲ ಒಂದೇ ಲಾರಿಯಲ್ಲಿ.

"ನಮ್ಮ ಕೋಸಗಿ ಮಂದಿ ರೈಲು ಹತ್ತಿದಂಗ ಐತಿ," ಎಂದರು ನಮ್ಮವರು.

"ಅವರು ಕೂಲಿಗೆ ಹೋಗ್ತಾರ ಅಪ್ಪಾಜಿ. ಇವರು ದನ ಕುರಿ ಮೇಸಾಕ ಮ್ಯಾಲಿನ ಹುಲ್ಲಿಗೆ ಹೊಂಟಾರ," ಎಂದಳು ಪಲ್ಲವಿ.

"ಇಬ್ರೂ ಹೊಟ್ಟಿಗೇ ಅಲ್ಲನವ್ವಾ ಹೋಗೋದು," ಎಂದರು ಅತ್ತೆ.

ಊರೆಂದರೆ ತೊರೆಯ ದಂಡೆಗೆ ಕೆಲವೇ ಮನೆಗಳು. ತಗಡಿನ ಮಾಡು, ನೀಲಿ ಬಣ್ಣದ ಕಿಟಕಿ. ನಮ್ಮನ್ನು ಬಾಗಿಲಲ್ಲೇ ಎದುರುಗೊಂಡವರು ಆಯ್‌ಗುಲ್‌ಳ ತಾಯಿ ಬುರುಲ್. ಎಲ್ಲರೂ ಅವರನ್ನು 'ಅಪಾ' ಎನ್ನುತ್ತಾರೆ. ಹಾಗೆಂದರೆ ಅಲ್ಲಿ ಅವ್ವ. ಕೆಂಪು ಕೆನ್ನೆ, ತಲೆಗೆ ಹೂವಿನ ವಸ್ತ್ರ, ಸಣ್ಣ ಕಣ್ಣು, ದೊಡ್ಡ ಗಂಟಲು. ಮೊದಲ ಕೆಲಸ, ಒಂದು ದುಂಡನೆಯ ರೊಟ್ಟಿ ಮುರಿದು ನಮ್ಮ ಬಾಯಿಗೇ ಚಾಚಿದ್ದು. ಆ ನಾಡಿನಲ್ಲಿ ರೊಟ್ಟಿಯ ಚೂರು ಬಾಯಿಗಿಡದೆ ಯಾರೂ ಮನೆಯಿಂದ ಹೊರಬೀಳುವಂತಿಲ್ಲವಂತೆ. ರೊಟ್ಟಿ ಬೇಡ ಎಂದರೆ ಮನೆಯೇ ಬೇಡ ಎಂದಂತೆ.

ನಾವು ಮಾಂಸ ತಿನ್ನುವುದಿಲ್ಲ ಎಂದು ಪಲ್ಲವಿ ಹೇಳಿದಾಗ ಅಪಾ ಗಾಬರಿಯಾಗಿ ಒಬ್ಬೊಬ್ಬರ ಮುಖವನ್ನೂ ನೋಡಿ ಏನೋ ಕೇಳಿದರು.

"ಯಾರಿಗೆ ಆರಾಮಿಲ್ಲ ಅಂತ ಕೇಳಾಕತ್ತಾರ," ಎಂದು ಪಲ್ಲವಿ ನಕ್ಕಳು.

ಎಲ್ಲರಿಗೂ ಆರಾಮಿದೆ ಎಂದು ನಂಬಿಸುವುದರಲ್ಲಿ ಸಾಕುಸಾಕಾಯಿತು. ಕೊನೆಗೆ ಕೆನೆ, ಬೇಯಿಸಿದ ಆಲೂಗಡ್ಡೆ, ಹಣ್ಣಿನ ಪಾಕ, ಚಹಾ, ರೊಟ್ಟಿ ಎಂದು ಒಪ್ಪಂದವಾಯಿತು. ಅತ್ತೆಗೆ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ.

ಆಮೇಲೆ ಶುರುವಾಯಿತು ನೋಡಿ, ರೆಸ್ಟು! ತೊರೆಯ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಅಂಗಳಕ್ಕೆ ಬಂದೆ, ಒಳಗೆ ಹೋದೆ, ಪೆಟ್ಟಿಗೆಯ ಬಟ್ಟೆ ಮಡಚಿದ್ದನ್ನೇ ಮತ್ತೆ ಮಡಚಿದೆ. ತೊರೆಯ ತನಕ ನಡೆದು ವಾಪಸು ಬಂದೆ. ನಮ್ಮವರು ಇನ್ನೂ ವಾಸಿ. ಎದುರಿನ ದಿಬ್ಬದ ತುದಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆಂದು ಯಾರೋ ಹೇಳಿದ್ದೇ ತಡ, ಫೋನನ್ನು ಆರತಿ ತಟ್ಟೆಯಂತೆ ಎತ್ತಿ ಹಿಡಿದುಕೊಂಡು ಹತ್ತುವುದು ಇಳಿಯುವುದು ಶುರು ಮಾಡಿದರು. ಆದೋನಿಯಲ್ಲಿ ಮಳೆಯಾಯಿತೇ, ಬಿತ್ತನೆಯಾಯಿತೇ, ಹತ್ತಿ ರೇಟು ಎಲ್ಲಿಗೆ ಬಂತು. ಉಸಿರು ಕಟ್ಟಿಕೊಂಡು ಇಳಿದು ಬಂದು, "ಮಳಿ ಇಲ್ಲಂತ," ಎಂದು ಹೇಳಿ, ಮತ್ತೆ ಹತ್ತುತ್ತಿದ್ದರು.

ಸಂಜೆಗೆ ಅವರು ಒಂದು ರಾದ್ಧಾಂತ ಮಾಡಿಟ್ಟರು. ಅಂಗಳದ ಮೂಲೆಯಲ್ಲಿ ಕತ್ತರಿಸಿದ ಕುರಿಯುಣ್ಣೆಯ ರಾಶಿ ಬಿದ್ದಿತ್ತು. ಹತ್ತಿ ವ್ಯಾಪಾರಿಗೆ ರಾಶಿ ಕಂಡರೆ ಕೈ ತಡೆಯುವುದಿಲ್ಲ. ನಮ್ಮ ಮಾರ್ಕೆಟ್ಟಿನಲ್ಲಿ ಮೇಲೆ ಒಳ್ಳೆಯ ಹತ್ತಿ ಹರಡಿ ಕೆಳಗೆ ತೇವದ್ದು, ಕಲ್ಲಿನದ್ದು ತುಂಬುವವರೂ ಉಂಟು. ಅದಕ್ಕೆ ಭುಜದ ತನಕ ಕೈ ತೂರಿಸಿ ತಡಕುವುದು ನಮ್ಮವರ ಕಸುಬು. ಇಲ್ಲೂ ಹಾಗೆಯೇ ಕೈ ತೂರಿಸಿದರು. ಆಳದಿಂದ ಒಂದು ಚಿಟಿಕೆ ಎಳೆದು, ಹೆಬ್ಬೆರಳಿನಲ್ಲಿ ಎಳೆ ಬಿಡಿಸಿ, ಮೂಸಿ, "ತೇವ ಐತಿ. ಕಸಾನೂ ಐತಿ," ಎಂದು ತೀರ್ಪು ಕೊಟ್ಟರು.

ಅಪಾ ಸೌಟು ಹಿಡಿದುಕೊಂಡೇ ಓಡಿ ಬಂದರು. ಅವರ ಮಾತು ನಮಗೆ ತಿಳಿಯಲಿಲ್ಲ, ಆದರೆ ಬೈಗುಳಕ್ಕೆ ಭಾಷೆ ಯಾಕೆ?

"ಅಪ್ಪಾಜೀ, ಅದು ಆಯ್‌ಗುಲ್ ಮದುವಿ ಉಣ್ಣಿ! ತಾಯಿ ವರ್ಷಗಟ್ಲೆ ಆರಿಸಿ ಕೂಡಿಟ್ಟಾರ. ನಾಳಿ ಅದ್ರಾಗ ಮದುವಿ ಹಾಸು ಮಾಡ್ತಾರ. ನೀ ಕಸ ಅಂತಿ!" ಪಲ್ಲವಿಯ ಮುಖ ಕೆಂಪಾಗಿತ್ತು.

ನಮ್ಮವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಉಣ್ಣೆಯ ಹತ್ತಿರ ಆ ಗಂಡಸು ಸುಳಿಯಕೂಡದು ಎಂದು ಅಪ್ಪಣೆಯಾಯಿತು.

ಉಣ್ಣೆಯ ದಿನ

ಮರುದಿನ ಊರಿನ ಹೆಂಗಸರೆಲ್ಲ ಅಂಗಳಕ್ಕೆ ಬಂದರು. ನೆಲಕ್ಕೆ ಕಡ್ಡಿಚಾಪೆ ಹಾಸಿ, ಅದರ ಮೇಲೆ ಹಿಂಜಿದ ಉಣ್ಣೆಯನ್ನು ಪದರ ಪದರವಾಗಿ ಹರಡಿ, ಬಿಸಿನೀರು ಸುರಿದು, ಚಾಪೆಯ ಸಮೇತ ಬಿಗಿಯಾಗಿ ಸುತ್ತಿ ಹಗ್ಗ ಬಿಗಿಯುತ್ತಾರೆ. ಆಮೇಲೆ ಆ ಸುರುಳಿಯನ್ನು ಉರುಳಿಸಿ ಉರುಳಿಸಿ ತುಳಿದರೆ ಎಳೆಗೆ ಎಳೆ ಕಚ್ಚಿಕೊಂಡು ದಪ್ಪನೆಯ ಹಾಸು ಆಗುತ್ತದೆ. ಮಗ್ಗವಿಲ್ಲ, ಹೊಲಿಗೆಯಿಲ್ಲ.

ಅತ್ತೆ ಕಟ್ಟೆಯ ಮೇಲೆ ಕೂತು ನೋಡಿದರು. ಎಷ್ಟು ಹೊತ್ತು ನೋಡಿಯಾರು? ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದೇಬಿಟ್ಟರು.

"ಅತ್ತೀ, ನೀವ್ಯಾಕ್ರೀ? ರೆಸ್ಟ್ ಮಾಡಾಕ ಬಂದೀವಿ ನಾವು."

"ಕೈ ಸುಮ್ನಿದ್ರ ಜಂಗು ಹಿಡೀತೈತಿ," ಎಂದು ಚಾಪೆಯ ಅಂಚಿಗೆ ಮೊಣಕಾಲೂರಿ ಕೂತರು.

ಹುಟ್ಟಿದಾಗಿನಿಂದ ಅರಳೆ ಹಿಂಜಿದ ಬೆರಳುಗಳು. ಅವರು ಹಿಂಜಿದ ಉಣ್ಣೆ ಹಾಲಿನ ನೊರೆಯ ಹಾಗೆ ಬೀಳುವುದನ್ನು ಕಂಡು ಅಪಾ ಉಳಿದ ಹೆಂಗಸರನ್ನು ಕರೆದು ತೋರಿಸಿದರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿಕೊಂಡರು. ಅತ್ತೆ ಹತ್ತಿಯ ಸುದ್ದಿ ಹೇಳುತ್ತಿದ್ದರು; ಅಪಾ ಬಹುಶಃ ಕುರಿಯ ಸುದ್ದಿ. ನಗು ಮಾತ್ರ ಒಟ್ಟಿಗೇ ಬರುತ್ತಿತ್ತು. ನಾನೂ ಸ್ವಲ್ಪ ಹೊತ್ತು ಹಿಂಜಿದೆ, ಬೇಸರವಾಯಿತು, ಎದ್ದು ತೊರೆಯ ಕಡೆ ಹೋದೆ. ವಾಪಸು ಬಂದಾಗ ಸುರುಳಿ ಕಟ್ಟಿಯಾಗಿತ್ತು. ಒಂದು ಕುದುರೆಗೆ ಹಗ್ಗ ಬಿಗಿದು ಅದನ್ನು ಹುಲ್ಲಿನ ಮೇಲೆ ಎಳೆಸುತ್ತಿದ್ದರು. ಅಷ್ಟರಲ್ಲಿ ಗುಡ್ಡದ ಮೇಲಿನಿಂದ ಮಳೆ ಧುಮುಕಿತು. ಸುರುಳಿಯನ್ನು ಕೊಟ್ಟಿಗೆಗೆ ಒಯ್ದು ಹಾಕಿ, ಉಳಿದದ್ದು ನಾಳೆ ಎಂದು ಎಲ್ಲರೂ ಮನೆಗೆ ಓಡಿದರು.

ಸಂಜೆ ಅತ್ತೆಯ ಸ್ನಾನಕ್ಕೆ ಬಿಸಿನೀರು ತೋಡಿಕೊಟ್ಟು ಹೊರಗೆ ನಿಂತಿದ್ದೆ. ಒಳಗಿನಿಂದ ಸದ್ದೇ ಇಲ್ಲ. ಕರೆದೆ. ಬಾಗಿಲು ತಳ್ಳಿದರೆ ಅತ್ತೆ ಉಟ್ಟ ಸೀರೆಯಲ್ಲೇ ನಿಂತಿದ್ದಾರೆ, ಎರಡೂ ಕೈ ಎದೆಯ ಮೇಲೆ. ಕತ್ತಿನಲ್ಲಿ ದಾರದ ಒಂದು ತುಂಡು ನೇತಾಡುತ್ತಿತ್ತು. ಕರಡಿಗೆ ಇರಲಿಲ್ಲ.

"ಸುವರ್ಣಾ," ಎಂದರು. ಅವರು ನನ್ನನ್ನು ಹೆಸರು ಹಿಡಿದು ಕರೆಯುವುದು ಅಪರೂಪ. "ಲಿಂಗ ಇಲ್ಲ."

ಹುಡುಕಾಟ

ಮಳೆಯಲ್ಲೇ ಹುಡುಕಿದೆವು. ಅಂಗಳ, ಕಟ್ಟೆ, ತೊರೆಯಲ್ಲಿ ಅವರು ಕೈ ತೊಳೆದ ಜಾಗ, ಹಾಸಿಗೆಯ ಮಡಿಕೆ, ಎಲ್ಲ. ನಮ್ಮವರು ಟಾರ್ಚು ಹಿಡಿದು ಹುಲ್ಲಿನಲ್ಲಿ ಮಂಡಿಯೂರಿದರು. ಹಗಲಾದ ಮೇಲೆ ಮತ್ತೆ ಹುಡುಕಿದೆವು.

ಅತ್ತೆ ಗೋಡೆಗೆ ಒರಗಿ ಕೂತವರು ಕೂತೇ ಇದ್ದರು. ಲಿಂಗ ಮೈಮೇಲಿಂದ ಹೋದರೆ ಸಿಗುವ ತನಕ ಬಾಯಿಗೆ ಹನಿ ನೀರೂ ಬಿಡಬಾರದು ಎಂದು ಅವರ ಅವ್ವ ಹೇಳಿಕೊಟ್ಟದ್ದು. ನೀರಿಲ್ಲ ಎಂದರೆ ಗುಳಿಗೆಯೂ ಇಲ್ಲ. ಬಿ.ಪಿ. ಗುಳಿಗೆ ಹಿಡಿದು ಪಲ್ಲವಿ ಎದುರಿಗೆ ಕೂತಳು.

"ಜೇಜೀ, ನಾ ಡಾಕ್ಟ್ರು ಆಗಾಕಿ. ನನ್ನ ಮಾತು ಕೇಳು. ಇಷ್ಟು ಎತ್ತರದಾಗ ನೀರು ಕುಡೀಲಿಲ್ಲಂದ್ರ ಜೀವಕ್ಕ ಬರ್ತದ."

"ನಿನ್ನ ಕೆಲಸ ನೀ ಮಾಡವ್ವಾ. ಕೈ ಹಿಡಿದು ನೋಡು, ನಾಡಿ ಎಣಿಸು. ನನ್ನ ಕೆಲಸ ನಾ ಮಾಡ್ತೀನಿ."

ನಮ್ಮವರು ಬೇರೆ ದಾರಿ ಹೇಳಿದರು. "ಯವ್ವಾ, ಇವತ್ತೇ ಹೊರಡಾನ. ಊರಿಗೆ ಹೋದ ತಕ್ಷಣ ಮಠಕ್ಕ ಹೋಗಿ ಹೊಸಾದು ಕಟ್ಟಿಸ್ಕೊಳ್ಳಾನ."

"ಅಲ್ಲೀತನ ಉಣ್ಣದ ಬರ್ತೀನಿ, ನಡಿ," ಎಂದರು ಅತ್ತೆ. ಬಿಷ್ಕೆಕ್, ದಿಲ್ಲಿ, ಹೈದರಾಬಾದ್, ಆದೋನಿ. ನೆನೆಸಿಕೊಂಡೇ ನಮ್ಮವರು ಮತ್ತೆ ಹುಲ್ಲು ತಡಕಲು ಹೊರಟರು.

ನನಗೆ ಹೆದರಿಕೆಯಾಯಿತು. ನಾನೂ ಈಕೆಯೂ ಉಪ್ಪಿಗೆ ಜಗಳಾಡಿದ್ದೇವೆ, ಹುಳಿಗೆ ಜಗಳಾಡಿದ್ದೇವೆ, ಬಾಗಿಲು ಹಾಕಿದ್ದಕ್ಕೆ, ತೆಗೆದದ್ದಕ್ಕೆ ಜಗಳಾಡಿದ್ದೇವೆ. ಈಕೆ ಈ ಪರದೇಶದ ಗುಡ್ಡದಲ್ಲಿ ಕಣ್ಣು ಮುಚ್ಚಿದರೆ ನಾನು ಆ ಮನೆಯಲ್ಲಿ ಯಾರ ಜೊತೆ ಬಾಳಲಿ? ಅಂಗಳದಲ್ಲಿ ಅತ್ತಿಂದಿತ್ತ ಇತ್ತಿಂದತ್ತ ತಿರುಗಿದೆ. ಒಂದು ಕಡೆ ನಿಂತರೆ ಅಳು ಬರುತ್ತದೆಂದು ನಿಲ್ಲಲೇ ಇಲ್ಲ.

ಅಪಾ ಇದನ್ನು ಮೊದಲು ಬೇರೆಯೇ ಅರ್ಥ ಮಾಡಿಕೊಂಡಿದ್ದರು. ರೊಟ್ಟಿ ತಂದಿಟ್ಟರೆ ಅತ್ತೆ ಮುಟ್ಟಲಿಲ್ಲ, ಚಹಾ ತಂದಿಟ್ಟರೆ ತಲೆ ಅಲ್ಲಾಡಿಸಿದರು. ಉಣ್ಣೆಯ ವಿಷಯದಲ್ಲಿ ಬೈದದ್ದಕ್ಕೆ ನಾವೆಲ್ಲ ಮುನಿಸಿಕೊಂಡಿದ್ದೇವೆ ಎಂದು ಅವರಿಗೆ ಸಂಕಟ. ಪಲ್ಲವಿ ಕೂತು ಎಲ್ಲ ಬಿಡಿಸಿ ಹೇಳಿದಳು. ಅಪಾ ಕೇಳುತ್ತ ಕೇಳುತ್ತ ತಮ್ಮ ಕೊರಳಿಗೆ ಕೈ ಒಯ್ದು, ಅಂಗಿಯೊಳಗಿನಿಂದ ಬೆಳ್ಳಿಯ ಒಂದು ತಾಯಿತ ಹೊರಗೆ ತೆಗೆದು ಅತ್ತೆಗೆ ತೋರಿಸಿದರು. ಅತ್ತೆ ತಲೆದೂಗಿದರು. ಆಮೇಲೆ ಅಪಾ ತಮ್ಮ ಮುಂದಿದ್ದ ಚಹಾದ ಬಟ್ಟಲನ್ನು ದೂರ ಸರಿಸಿದರು. ಅತಿಥಿ ಹಸಿದಿರುವಾಗ ಈ ಮನೆಯಲ್ಲಿ ತಾನೂ ತಿನ್ನುವುದಿಲ್ಲವಂತೆ. ಹಟಕ್ಕೆ ಬಿದ್ದ ಹೆಂಗಸು ಒಬ್ಬಳಿದ್ದದ್ದು ಇಬ್ಬರಾದರು.

ಕಲ್ಲು

ಬಿಸಿಲು ಬಿತ್ತು. ಹಸಿ ಉಣ್ಣೆಯನ್ನು ಹಾಗೇ ಬಿಟ್ಟರೆ ಕೆಡುತ್ತದೆಂದು ಹೆಂಗಸರು ಸುರುಳಿಯನ್ನು ಹೊರಗೆ ತಂದು ಬಿಚ್ಚತೊಡಗಿದರು. ನಮ್ಮವರು ದೂರದಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದರು. ಹಾಸು ಹರಡಿಕೊಂಡಂತೆ ಅವರ ಬೆರಳುಗಳು ಬೆನ್ನ ಹಿಂದೆ ತಾವಾಗಿಯೇ ಮಿಸುಕಾಡುವುದು ನನಗೆ ಕಾಣಿಸಿತು. ಆಗ ಹೊಳೆಯಿತು. ನಿನ್ನೆ ಅತ್ತೆ ಬಗ್ಗಿ ಬಗ್ಗಿ ಹಿಂಜಿದ್ದು ಆ ಚಾಪೆಯ ಮೇಲೆಯೇ ಅಲ್ಲವೇ?

"ರೀ, ಬರ್ರಿ ಇಲ್ಲಿ. ಕೈ ಹಾಕ್ರಿ."

"ಆಕಿ ಬೈತಾಳ."

"ಬೈಲಿ! ನಿಮ್ಮವ್ವ ಕುಂತಿದ್ದು ಆ ಮೂಲ್ಯಾಗ. ಹತ್ತ್ಯಾಗ ಕಲ್ಲು ನೋಡಿದಂಗ ನೋಡ್ರಿ."

ಮಂಡಿಯೂರಿದರು. ಕಣ್ಣು ಮುಚ್ಚಿ, ಅಂಗೈಯನ್ನು ಹಾಸಿನ ಮೇಲೆ ಅಂಚಿನಿಂದ ಒಳಕ್ಕೆ ಮೆಲ್ಲಗೆ ಒತ್ತುತ್ತ ಹೋದರು. ಅಪಾ ಬಾಯಿ ತೆರೆದವರು ಪಲ್ಲವಿಯ ಮುಖ ನೋಡಿ ಸುಮ್ಮನಾದರು. ಕೈ ಹೋಯಿತು, ಬಂತು, ಮತ್ತೆ ಹೋಯಿತು. ಒಂದು ಕಡೆ ನಿಂತಿತು.

"ಕಲ್ಲು ಐತಿ," ಎಂದರು.

ಮಾರ್ಕೆಟ್ಟಿನಲ್ಲಿ ಇವರು ಈ ಮಾತು ಅಂದರೆ ರೈತರು ಜಗಳಕ್ಕೆ ಬರುತ್ತಾರೆ. ಅವತ್ತು ನಾನು ಕೈಮುಗಿದೆ.

ಅಪಾ ಒಳಗೆ ಓಡಿ ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದರು. ಕತ್ತರಿ ಹಾಸನ್ನು ಮುಟ್ಟುವ ಮುಂಚೆ ಅತ್ತೆ ಗೋಡೆ ಹಿಡಿದು ಎದ್ದು ಬಂದು ಆ ಜಾಗದ ಮೇಲೆ ಎರಡೂ ಕೈ ಊರಿಬಿಟ್ಟರು.

"ಬ್ಯಾಡ."

"ಯವ್ವಾ, ಸಿಕ್ಕೈತಿ! ಒಂದು ಕಡೆ ಕೊಯ್ದ್ರ ಮುಗೀತು."

"ಹೆಣ್ಮಗಳ ಮದುವಿ ಹಾಸಿನ ಮ್ಯಾಲ ಕತ್ರಿ ಹಚ್ಚಿ ತಗದ ಲಿಂಗ ನನ್ನ ಅಂಗೈಯಾಗ ಕೂಡಂಗಿಲ್ಲೋ ಶಂಕ್ರಾ."

ಅಪಾ ಅಬ್ಬರಿಸಿದರು. ಪಲ್ಲವಿ ನಡುವೆ ನಿಂತು ಅತ್ತ ಇತ್ತ ಹೇಳುವುದರಲ್ಲಿ ಬೆವತಳು. "ಹಾಸು ಇನ್ನೊಂದು ಮಾಡಬಹುದಂತ. ಮನಿಗೆ ಬಂದಾಕಿ ಹಸಿದು ಬಿದ್ದು ಸತ್ರ ಯಾವ ಮಾರಿ ಇಟ್ಕೊಂಡು ಮಗಳ ಮದುವಿ ಮಾಡಲಿ ಅಂತಾರ." ಅತ್ತೆ ಕೈ ತೆಗೆಯಲಿಲ್ಲ. ಒಬ್ಬರ ತುಟಿ ಒಣಗಿ ಸೀಳು ಬಿಟ್ಟಿತ್ತು, ಇನ್ನೊಬ್ಬರ ಕೈಯಲ್ಲಿ ಕತ್ತರಿ. ಇಬ್ಬರಿಗೂ ಹೊಟ್ಟೆಯಲ್ಲಿ ಏನೂ ಇಲ್ಲ. ಜಗಳಕ್ಕೆ ಮಾತ್ರ ಅದೆಲ್ಲಿಂದ ಬಲ ಬಂತೋ!

ಕೊನೆಗೆ ಅಪಾ ಕತ್ತರಿಯನ್ನು ಹುಲ್ಲಿಗೆ ಎಸೆದು ಅತ್ತೆಯ ಎದುರಿಗೆ ಧೊಪ್ಪನೆ ಕೂತರು. ಉಬ್ಬಿದ ಜಾಗವನ್ನು ಉಗುರಿನಿಂದ ಕೆದಕಿ ಒಂದು ಎಳೆ ಎತ್ತಿದರು. ಇನ್ನೂ ಪೂರ್ತಿ ಗಟ್ಟಿಯಾಗದ ಹಾಸು, ಎಳೆ ಬಿಟ್ಟುಕೊಟ್ಟಿತು. ಅತ್ತೆ ನೋಡಿದರು. ಅರಳೆ ಹಿಂಜುವ ಕೆಲಸ ಅವರಿಗೆ ಹೇಳಿಕೊಡಬೇಕೇ? ತಾವೂ ಒಂದು ಎಳೆ ಎತ್ತಿದರು.

ಹಾಸು ಜಗ್ಗಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಎಳೆ ಸಿಗುವುದಿಲ್ಲ. ಒಂದು ಅಂಚನ್ನು ಆಯ್‌ಗುಲ್ ಹಿಡಿದಳು. ಇನ್ನೊಂದು ಅಂಚಿಗೆ ಅಪಾ ನನ್ನನ್ನು ಕೈಮಾಡಿ ಕರೆದು ಕೂಡಿಸಿದರು. ಅಲ್ಲಾಡಬೇಡ ಎಂದು ಬೆರಳು ತೋರಿಸಿ ಹೇಳಿದರು. ಯಾರಿಗೆ? ನನಗೆ!

ಎಳೆಗೆ ಎಳೆ ಬಿಡಿಸಿದರು. ಕತ್ತರಿಯಾದರೆ ಕಣ್ಣು ಮಿಟುಕಿಸುವಷ್ಟರ ಕೆಲಸ. ನೆರಳು ಕಟ್ಟೆಯ ಈ ಬದಿಯಿಂದ ಆ ಬದಿಗೆ ಹೋಯಿತು. ನನ್ನ ಮೊಣಕಾಲು ಜೋಮು ಹಿಡಿಯಿತು. ನೊಣ ಮೂಗಿನ ಮೇಲೆ ಕೂತಿತು, ಎದ್ದಿತು, ಮತ್ತೆ ಕೂತಿತು. ಬಾಯಿಯ ತುದಿಗೆ ಬಂದ ಮಾತುಗಳನ್ನು ಒಂದೊಂದಾಗಿ ನುಂಗಿದೆ. ಎದುರಿಗೆ ಅತ್ತೆಯ ಬೆರಳು ನಡುಗುತ್ತಿದ್ದವು. ಎಳೆ ಹಿಡಿಯುವಾಗ ಮಾತ್ರ ನಡುಕ ನಿಲ್ಲುತ್ತಿತ್ತು. ನಾನು ಅಲ್ಲಾಡಿದರೆ ಆ ಬೆರಳು ತಪ್ಪುತ್ತದೆ ಎಂದು ಉಸಿರನ್ನೂ ನೋಡಿಕೊಂಡು ಬಿಟ್ಟೆ. ಪಲ್ಲವಿ ಜೇಜಿಯ ಬೆನ್ನಿಗೆ ಆಸರೆಯಾಗಿ ಕೂತಿದ್ದಳು. ನಮ್ಮವರು ದಿಬ್ಬದ ಕಡೆ ತಿರುಗಿಯೂ ನೋಡಲಿಲ್ಲ.

ಉಣ್ಣೆಯ ನಡುವೆ ಬೆಳ್ಳಿ ಮಿಂಚಿತು. ಅಪಾ ಕೈ ಹಿಂದಕ್ಕೆ ತೆಗೆದುಕೊಂಡರು, ತಾನು ಮುಟ್ಟಬಾರದೆಂದು. ಅತ್ತೆ ಕರಡಿಗೆಯನ್ನು ಎತ್ತಿ, ತೆರೆದು ನೋಡಿ, ಕಣ್ಣಿಗೊತ್ತಿಕೊಂಡರು.

ಬಿಸಿನೀರು ಮೊದಲೇ ಕಾದಿತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಅತ್ತೆ ಕೂತಾಗ ಆ ಗದ್ದಲದ ಹೆಂಗಸರು ಕೆಲಸ ಬಿಟ್ಟು ಸುತ್ತ ಕೂತರು. ಪೂಜೆ ಮುಗಿದಾಗ ಅಪಾ ಎರಡೂ ಅಂಗೈಯನ್ನು ತಮ್ಮ ಮುಖದ ಮೇಲೆ ಸವರಿಕೊಂಡರು. ಅದು ಅವರ ಪ್ರಾರ್ಥನೆಯ ರೀತಿ. ಆಮೇಲೆ ಒಂದು ರೊಟ್ಟಿ ತಂದು ಮುರಿದರು. ಅರ್ಧ ಅತ್ತೆಗೆ, ಅರ್ಧ ತಮಗೆ. ಅತ್ತೆ ರೊಟ್ಟಿ ತಿಂದು, ನೀರು ಕುಡಿದು, ಪಲ್ಲವಿ ಚಾಚಿದ ಗುಳಿಗೆ ನುಂಗುತ್ತಿದ್ದಂತೆ ನಾನು ಹೋ ಎಂದು ಅತ್ತುಬಿಟ್ಟೆ. ಅಲ್ಲಿಯ ತನಕ ಅಳಲು ಸಮಯವಿರಲಿಲ್ಲ.

"ಯಾಕ ಅಳ್ತೀ? ಉಂಡೀನಲ್ಲ," ಎಂದು ಅತ್ತೆ ಬೈದರು. ಬೈಗುಳ ಕೇಳಿ ಜೀವ ತಂಪಾಯಿತು.

ಬಿಡಿಸಿದ ಜಾಗಕ್ಕೆ ಅಪಾ ಹೊಸ ಉಣ್ಣೆ ಹರಡಿ, ಅತ್ತೆಯ ಕೈಯಿಂದಲೇ ಬಿಸಿನೀರು ಹಾಕಿಸಿ ಒತ್ತಿಸಿದರು. ಅದೇ ರಾಶಿಯಿಂದ ಒಂದು ಕಂದು ದಾರ ಹೊಸೆದು ಕರಡಿಗೆಗೆ ಕಟ್ಟಿಕೊಟ್ಟರು. ನಮ್ಮವರಿಗೂ ಕ್ಷಮೆ ಸಿಕ್ಕಿತು. ನಾವು ಅಲ್ಲಿದ್ದ ಉಳಿದ ದಿನಗಳೆಲ್ಲ ಅಪಾ ಊರಿನ ಒಂದೊಂದೇ ಮನೆಯ ಉಣ್ಣೆ ತಂದು ಅವರ ಮುಂದೆ ಸುರಿದು, ಕೈ ಹಾಕಿ ನೋಡು ಎಂದು ಗಂಟುಬಿದ್ದರು.

ನಾನು ಶಾಂತಳಾದೆ ಎಂದು ತಿಳಿಯಬೇಡಿ. ಮರುದಿನವೇ ತೊರೆಯ ದಂಡೆಯಲ್ಲಿ ಅಡ್ಡಾಡಿ ಅಡ್ಡಾಡಿ ಚಪ್ಪಲಿ ಹರಿದುಕೊಂಡೆ.

ಮತ್ತೆ ಆದೋನಿ

ಊರಿಗೆ ಬಂದ ಮೇಲೆ ಮಠದ ಅಯ್ಯನವರು ಮನೆಗೆ ಬಂದಿದ್ದರು. ಅತ್ತೆಯ ಕೊರಳಿನ ಉಣ್ಣೆ ದಾರ ಕಂಡು ಹುಬ್ಬೇರಿಸಿದರು.

"ಹತ್ತಿ ವ್ಯಾಪಾರದ ಮನ್ಯಾಗ ಉಣ್ಣಿ ದಾರ ಏನವ್ವಾ? ಬಿಚ್ಚಿ ಹತ್ತೀದು ಕಟ್ಟಿಕೊಳ್ರಿ."

"ಹತ್ತೀದು ಕೈಬಿಡ್ತು ಅಯ್ಯನವರ, ಉಣ್ಣಿ ಹಿಡಕೊಂಡು ಕುಂತಿತ್ತು," ಎಂದರು ಅತ್ತೆ. ನಮ್ಮವರಿಗೆ ಚಹಾ ನೆತ್ತಿಗೇರಿತು. ದಾರ ಇವತ್ತಿಗೂ ಅಲ್ಲೇ ಇದೆ.

ಸೀಜನ್ ಶುರುವಾಗಿ ಮಿಲ್ಲು ಗರಗರ ಎನ್ನುತ್ತಿದ್ದ ಒಂದು ಮಧ್ಯಾಹ್ನ ಪಲ್ಲವಿ ಆಯ್‌ಗುಲ್‌ಳ ಮದುವೆಯ ಫೋಟೊ ಕಳಿಸಿದಳು. ಹುಡುಗ ಹುಡುಗಿ ಆ ಹಾಸಿನ ಮೇಲೆಯೇ ಕೂತಿದ್ದರು. ಅತ್ತೆ ಫೋನು ಕಸಿದುಕೊಂಡು, ದೊಡ್ಡದು ಮಾಡು ಎಂದು ನನ್ನಿಂದ ಮೂಲೆಯನ್ನು ದೊಡ್ಡದು ಮಾಡಿಸಿಕೊಂಡರು. ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ಹುಡುಕಿದರು.

"ಎಲ್ಲಿ ಬಿಚ್ಚಿದ್ವಿ ಅನ್ನೋದ ಗೊತ್ತಾಗವಲ್ದು," ಎಂದರು. ಫೋನನ್ನು ನನ್ನ ಕೈಗಿಟ್ಟು, ಬೇರೆ ಕಡೆ ನೋಡುತ್ತ ಮೆಲ್ಲಗೆ ಸೇರಿಸಿದರು. "ಅವತ್ತು ನೀ ಅಲುಗಾಡಲಿಲ್ಲ ನೋಡು, ಸುವರ್ಣಾ. ಅದಕ್ಕ ಕೈ ತಪ್ಪಲಿಲ್ಲ."

ಮದುವೆಯಾಗಿ ಬಂದಾಗಿನಿಂದ ಆ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ನಾನು ಕೇಳಿರಲಿಲ್ಲ. ಮಿಲ್ಲಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಕಿವಿಗೆ ಕೈಯಿಟ್ಟುಕೊಂಡು, ಇನ್ನೊಮ್ಮೆ ಹೇಳಿಸಿದೆ.